ಜನಪ್ರತಿನಿಧಿಗಳ ನಡತೆ ಮತ್ತು ನಮ್ಮ ಹಂಗು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ಸಭೆಯಲ್ಲಿ ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು ನನ್ನನ್ನು ಕರೆದು, "ಮಾಸ್ತರ, ರಾಜಕಾರಣಿಗಳ ನಡತೆ ಹ್ಯಾಂಗಿರಬೇಕು ಅನ್ನೋದರ ಮ್ಯಾಲೆ ನಮ್ಮ ಹುಡುಗರಿಗೆ ನಾಲ್ಕು ಮಾತು ಹೇಳ್ರಿ" ಎಂದರು. ನನಗೆ ಅಂಜಿಕೆಯಾಯಿತು. ನಾನು ಸರಕಾರಿ ಶಿಕ್ಷಕ. ಯಾವ ಪಕ್ಷದ ಪರವಾಗಿಯೂ ವಿರೋಧವಾಗಿಯೂ ಮಾತನಾಡುವಂತಿಲ್ಲ, ಮಾತನಾಡುವುದೂ ಇಲ್ಲ. ಆದರೆ ನಡತೆ ಎಂಬುದು ಯಾವ ಪಕ್ಷದ ಸ್ವತ್ತೂ ಅಲ್ಲ. ಎಲ್ಲ ಪಕ್ಷದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೇನೆ, ಕೊನೆಗೆ ನನ್ನನ್ನೂ ಅದೇ ತಕ್ಕಡಿಯಲ್ಲಿ ಇಡುತ್ತೇನೆ ಎಂಬ ಷರತ್ತಿನ ಮೇಲೆ ಒಪ್ಪಿಕೊಂಡೆ.

ಮೊದಲು ಒಬ್ಬ ಹುಡುಗ ಕೇಳಿದ ಪ್ರಶ್ನೆಯಿಂದ ಆರಂಭಿಸುತ್ತೇನೆ. ಚುನಾವಣೆ ಮುಗಿದ ಕೆಲವು ದಿನಗಳ ನಂತರ ತರಗತಿಯಲ್ಲಿ ಪೌರನೀತಿಯ ಪಾಠ ನಡೆದಿತ್ತು. ಮತಕ್ಕಾಗಿ ಹಣ ಕೊಡುವುದು ಅಪರಾಧ, ಹಣ ತೆಗೆದುಕೊಳ್ಳುವುದೂ ಅಪರಾಧ ಎಂದು ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆ ಬೇರೆಯವರ ಪವರ್‌ಲೂಮಿನಲ್ಲಿ ಕೂಲಿ ನೇಯುವವರು. "ಸರ, ಹಂಗಾದ್ರ ನಮ್ಮಪ್ಪ ಲಂಚಾ ತಗೊಂಡಂಗ ಆತೇನ್ರಿ?" ಎಂದ. ತರಗತಿ ನಗಲಿಲ್ಲ. ಅನೇಕ ಮಕ್ಕಳು ತಲೆ ತಗ್ಗಿಸಿದರು. ಅಂದು ನಾನು ಗಂಟೆ ಹೊಡೆಯುವವರೆಗೂ ಏನೇನೋ ಹೇಳಿ ಮಾತು ತೇಲಿಸಿಬಿಟ್ಟೆ. ಆ ಹುಡುಗನಿಗೆ ಕೊಡದೆ ಉಳಿದ ಉತ್ತರವನ್ನು ಇಂದು ನಿಮ್ಮೆದುರು ಕೊಡಲು ಪ್ರಯತ್ನಿಸುತ್ತೇನೆ.

ಬಂಧುಗಳೇ, ಕಾನೂನು ಬೇರೆ, ನಡತೆ ಬೇರೆ. ಕಾನೂನು ಕೇಳುವುದು, ಇವನು ಅಪರಾಧ ಮಾಡಿದ್ದಾನೆಯೇ, ಅದಕ್ಕೆ ಸಾಕ್ಷಿ ಇದೆಯೇ ಎಂದು. ನಡತೆ ಕೇಳುವುದು, ಇವನು ಜನರ ನಂಬಿಕೆಗೆ ಯೋಗ್ಯನಾಗಿ ನಡೆದುಕೊಂಡನೇ ಎಂದು. ಸೆರೆಮನೆಗೆ ಹೋಗದೆ ಉಳಿದವರೆಲ್ಲ ಸಚ್ಚಾರಿತ್ರ್ಯದವರು ಎನ್ನುವುದಾದರೆ ನಾಪಾಸಾಗದವರೆಲ್ಲ ಪ್ರಥಮ ಶ್ರೇಣಿಯವರು ಎಂದಂತಾಗುತ್ತದೆ. ನಮ್ಮ ಮಕ್ಕಳಿಗೆ ನಾವು ಹಾಗೆ ಹೇಳುತ್ತೇವೆಯೇ?

ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಬರೆದಿಟ್ಟ ಒಂದು ಪ್ರಸಂಗ ಬ್ರಿಟನ್ನಿನಲ್ಲಿ ನಡೆಯಿತು. ನಮ್ಮ ಸಂಸತ್ತಿನ ಪದ್ಧತಿಗಳನ್ನು ನಾವು ಬಹುಮಟ್ಟಿಗೆ ಅಲ್ಲಿಂದಲೇ ಪಡೆದಿರುವುದರಿಂದ ಅದನ್ನು ತಿಳಿಯುವುದು ಒಳ್ಳೆಯದು. 1994ರಲ್ಲಿ ಅಲ್ಲಿಯ ಗಾರ್ಡಿಯನ್ ಪತ್ರಿಕೆ, ಕೆಲವು ಸಂಸತ್ ಸದಸ್ಯರು ವ್ಯಾಪಾರಿಯೊಬ್ಬನಿಂದ ಹಣ ಪಡೆದು ಸದನದಲ್ಲಿ ಪ್ರಶ್ನೆ ಕೇಳಿದ್ದಾರೆ ಎಂದು ಬರೆಯಿತು. ಆಗ ಪ್ರಧಾನಿಯಾಗಿದ್ದ ಜಾನ್ ಮೇಜರ್ ಅವರು ನ್ಯಾಯಾಧೀಶ ಲಾರ್ಡ್ ನೋಲನ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. 1995ರಲ್ಲಿ ಬಂದ ಅದರ ಮೊದಲ ವರದಿಯಲ್ಲಿ ಸಾರ್ವಜನಿಕ ಹುದ್ದೆಯಲ್ಲಿರುವ ಪ್ರತಿಯೊಬ್ಬನೂ ಪಾಲಿಸಬೇಕಾದ ಏಳು ತತ್ವಗಳನ್ನು ಹೇಳಲಾಯಿತು. ನಿಸ್ವಾರ್ಥ, ಯಾರ ಹಂಗಿಗೂ ಒಳಗಾಗದಿರುವುದು, ನಿಷ್ಪಕ್ಷಪಾತ, ಜನರಿಗೆ ಉತ್ತರ ಕೊಡುವ ಹೊಣೆ, ತೆರೆದ ಆಡಳಿತ, ಸತ್ಯ ಮತ್ತು ತಾನೇ ಮಾದರಿಯಾಗಿ ನಡೆಯುವ ನಾಯಕತ್ವ. ಇಷ್ಟೇ. ನಮ್ಮ ಪ್ರಾಥಮಿಕ ಶಾಲೆಯ ಗೋಡೆಯ ಮೇಲೂ ಬರೆಯಬಹುದಾದಷ್ಟು ಸರಳ.

ಈ ಏಳರಲ್ಲಿ ಎರಡನೆಯದರ ಮೇಲೆ ನಿಮ್ಮ ಗಮನ ಇರಲಿ. ಹುದ್ದೆಯಲ್ಲಿರುವವನು ತನ್ನ ಕೆಲಸದ ಮೇಲೆ ಪ್ರಭಾವ ಬೀರಬಲ್ಲ ಯಾವ ವ್ಯಕ್ತಿಯ ಅಥವಾ ಸಂಸ್ಥೆಯ ಹಂಗಿಗೂ ಬೀಳಬಾರದು ಎಂಬುದು ಅದರ ಅರ್ಥ. ಕನ್ನಡದ 'ಹಂಗು' ಎಂಬ ಎರಡಕ್ಷರದ ಮಾತು ಇದನ್ನು ಎಷ್ಟು ಚೆನ್ನಾಗಿ ಹೇಳುತ್ತದೆ ನೋಡಿ. ಹಂಗಿನ ಅನ್ನ ತಿಂದವನಿಗೆ ನಾಲಿಗೆ ಏಳುವುದಿಲ್ಲ ಎಂಬುದು ನಮ್ಮ ಅನುಭವ.

ಬ್ರಿಟನ್ನಿನವರು ದೇವತೆಗಳೇನೂ ಅಲ್ಲ. ತತ್ವಗಳನ್ನು ಬರೆದ ಮೇಲೂ 2009ರಲ್ಲಿ ಅಲ್ಲಿಯ ಸಂಸತ್ ಸದಸ್ಯರ ಖರ್ಚಿನ ಪಟ್ಟಿ ಬಯಲಾಯಿತು. ತೋಟದ ಕೊಳದಲ್ಲಿ ಬಾತುಕೋಳಿಗೆ ಮನೆ ಕಟ್ಟಿಸಿದ ಲೆಕ್ಕವನ್ನೂ ಒಬ್ಬರು ಸರಕಾರಿ ಹಣಕ್ಕೆ ಸಲ್ಲಿಸಿದ್ದರು. ಸದನದ ಸಭಾಧ್ಯಕ್ಷರು ಹುದ್ದೆ ಬಿಡಬೇಕಾಯಿತು. ಸುಳ್ಳು ಲೆಕ್ಕ ಕೊಟ್ಟ ಕೆಲವರು ಸೆರೆಮನೆಗೆ ಹೋದರು. ಕೊರೊನಾ ಕಾಲದಲ್ಲಿ ಕೂಟ ಸೇರಿದ್ದಕ್ಕೆ ಪ್ರಧಾನಿ ಬೋರಿಸ್ ಜಾನ್ಸನ್ ಅವರಿಗೆ 2022ರ ಏಪ್ರಿಲ್‌ನಲ್ಲಿ ಪೊಲೀಸರು ದಂಡ ಹಾಕಿದರು. ಅವರು ಸದನಕ್ಕೆ ತಿಳಿದೂ ತಪ್ಪು ಮಾಹಿತಿ ಕೊಟ್ಟರೆಂದು 2023ರ ಜೂನ್‌ನಲ್ಲಿ ಸದನದ ಸಮಿತಿಯೇ ತೀರ್ಮಾನಿಸಿತು. ಆ ಸಮಿತಿಯಲ್ಲಿ ಅವರದೇ ಪಕ್ಷದ ಸದಸ್ಯರು ಹೆಚ್ಚಾಗಿದ್ದರು ಎಂಬುದು ಗಮನಿಸಬೇಕಾದ ಸಂಗತಿ.

ಆದ್ದರಿಂದ ಅಲ್ಲಿಯವರು ನಮಗಿಂತ ಒಳ್ಳೆಯವರು ಎಂದು ನಾನು ಹೇಳುವುದಿಲ್ಲ. ಅಲ್ಲಿಯ ಮತದಾರರು ಮಾಡಿದ ಎರಡು ಕೆಲಸಗಳನ್ನು ಮಾತ್ರ ಹೇಳುತ್ತೇನೆ. ಹಣ ಪಡೆದು ಪ್ರಶ್ನೆ ಕೇಳಿದ ಆರೋಪ ಹೊತ್ತಿದ್ದ ನೀಲ್ ಹ್ಯಾಮಿಲ್ಟನ್ 1997ರಲ್ಲಿ ಟ್ಯಾಟನ್ ಎಂಬ ತಮ್ಮ ಭದ್ರ ಕ್ಷೇತ್ರದಿಂದ ಮತ್ತೆ ಸ್ಪರ್ಧಿಸಿದರು. ಆಗ ಎರಡು ದೊಡ್ಡ ವಿರೋಧ ಪಕ್ಷಗಳು ತಮ್ಮ ಅಭ್ಯರ್ಥಿಗಳನ್ನು ಹಿಂದಕ್ಕೆ ಪಡೆದವು. ಮಾರ್ಟಿನ್ ಬೆಲ್ ಎಂಬ ಪತ್ರಕರ್ತರು ಪಕ್ಷೇತರರಾಗಿ ನಿಂತು ಗೆದ್ದರು. ಇನ್ನೊಂದು ಪ್ರಸಂಗ ಪೀಟರ್‌ಬರೊ ಕ್ಷೇತ್ರದ್ದು. ಅಲ್ಲಿಯ ಸದಸ್ಯೆಯೊಬ್ಬರು ಕಾರಿನ ವೇಗಮಿತಿಯ ಪ್ರಕರಣದಲ್ಲಿ ಪೊಲೀಸರಿಗೆ ಸುಳ್ಳು ಹೇಳಿ ಶಿಕ್ಷೆಗೊಳಗಾದರು. 2015ರ ಕಾಯ್ದೆಯಂತೆ, ಇಂತಹ ಸಂದರ್ಭಗಳಲ್ಲಿ ಕ್ಷೇತ್ರದ ನೂರಕ್ಕೆ ಹತ್ತು ಮತದಾರರು ಸಹಿ ಮಾಡಿದರೆ ಸದಸ್ಯತ್ವ ಹೋಗುತ್ತದೆ. 2019ರಲ್ಲಿ ಅಲ್ಲಿಯ ಜನ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಸಹಿ ಮಾಡಿ ಅವರನ್ನು ಮನೆಗೆ ಕಳಿಸಿದರು. ವೇಗವಾಗಿ ಓಡಿದ ಒಂದು ಕಾರಿನ ಬಗ್ಗೆ ಹೇಳಿದ ಸುಳ್ಳಿಗಾಗಿ! ನಮ್ಮಲ್ಲಾದರೆ "ಅದೇನ್ ದೊಡ್ಡ ಮಾತ್ರೀ" ಎಂದುಬಿಡುತ್ತಿದ್ದೆವು.

ಈಗ ನಮ್ಮ ನಾಡಿಗೆ ಬರೋಣ. ಉನ್ನತ ನಡತೆ ನಮಗೆ ಪರಕೀಯ ಎಂದು ಯಾರೂ ತಿಳಿಯಬಾರದು. 1956ರ ನವೆಂಬರ್‌ನಲ್ಲಿ ಅರಿಯಲೂರಿನ ರೈಲು ಅಪಘಾತದ ನೈತಿಕ ಹೊಣೆ ಹೊತ್ತು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ರಾಜೀನಾಮೆ ಕೊಟ್ಟದ್ದು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ನಮ್ಮ ಜಿಲ್ಲೆಯ ಒಂದು ಉದಾಹರಣೆ ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಸೋತಾಗ ಹುನಗುಂದ ಕ್ಷೇತ್ರದ ಎಸ್. ಆರ್. ಕಂಠಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಸುಮಾರು ಮೂರು ತಿಂಗಳಲ್ಲಿ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿಬಂದರು. ಕಂಠಿಯವರು ಕುರ್ಚಿಯನ್ನು ಬಿಟ್ಟುಕೊಟ್ಟು ಅದೇ ಸಂಪುಟದಲ್ಲಿ ಸಚಿವರಾಗಿ ದುಡಿದರು. ಶಾಸಕರನ್ನು ಬಸ್ಸಿನಲ್ಲಿ ತುಂಬಿಕೊಂಡು ರೆಸಾರ್ಟಿಗೆ ಹೋಗುವುದನ್ನು ಟಿ.ವಿ.ಯಲ್ಲಿ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದು ಕಟ್ಟುಕಥೆಯಂತೆ ಕೇಳಿಸಬಹುದು. ಅವರಿಗಿಂತ ಮೊದಲು ಮುಖ್ಯಮಂತ್ರಿಯಾಗಿದ್ದವರು ಇದೇ ಜಮಖಂಡಿ ತಾಲೂಕಿನ ಸಾವಳಗಿಯ ಬಿ. ಡಿ. ಜತ್ತಿಯವರು. ಜಮಖಂಡಿ ಪುರಸಭೆಯಿಂದ ಸಾರ್ವಜನಿಕ ಜೀವನ ಆರಂಭಿಸಿ ಉಪರಾಷ್ಟ್ರಪತಿಯಾಗಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆದವರು. ಹಳ್ಳಿಯ ಹುಡುಗನಿಗೆ ದೇಶದ ಯಾವ ಬಾಗಿಲೂ ಮುಚ್ಚಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ.

ನಮ್ಮ ಸಮುದಾಯದವರೇ ಆದ ಅಬ್ದುಲ್ ನಜೀರ್ ಸಾಬರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅವರು ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಟ್ಟು 'ನೀರ್ ಸಾಬ್' ಎಂದೇ ಹೆಸರಾದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಮೂಲಕ ಬೆಂಗಳೂರಿನ ಅಧಿಕಾರವನ್ನು ಹಳ್ಳಿಗೆ ಹಂಚಿದರು. 1987ರಲ್ಲಿ ಆ ಚುನಾವಣೆಗಳು ನಡೆದವು. ಮರುವರ್ಷವೇ ಅವರು ತೀರಿಕೊಂಡರು. ಅವರನ್ನು ಇಂದಿಗೂ ಎಲ್ಲ ಜಾತಿ ಧರ್ಮದವರು ನೆನೆಯುವುದು ಅವರು ಮುಸ್ಲಿಂ ನಾಯಕರೆಂದು ಅಲ್ಲ. ಕೈಗೆ ಬಂದ ಅಧಿಕಾರವನ್ನು ತಮ್ಮ ಕೈಯಲ್ಲೇ ಹಿಡಿದಿಟ್ಟುಕೊಳ್ಳದೆ ಹಂಚಿದರು ಎಂದು.

ಹೆಗಡೆಯವರ ಹೆಸರು ಬಂದದ್ದರಿಂದ ಅವರ ಕಥೆಯನ್ನೂ ನೋಡಬೇಕು. ಏಕೆಂದರೆ ಅದರಲ್ಲಿ ಎರಡೂ ಪಾಠಗಳಿವೆ. 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಅವರ ಪಕ್ಷಕ್ಕೆ ಸಿಕ್ಕದ್ದು ನಾಲ್ಕು. ಕಾನೂನಿನ ಪ್ರಕಾರ ಅವರು ರಾಜೀನಾಮೆ ಕೊಡಬೇಕಾಗಿರಲಿಲ್ಲ. ಆದರೂ ಜನರ ವಿಶ್ವಾಸ ಹೋಗಿದೆ ಎಂದು ಹೇಳಿ ಹೊಸ ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ ಜನ ಅವರನ್ನು ದೊಡ್ಡ ಬಹುಮತದಿಂದ ಮರಳಿ ಕಳಿಸಿದರು. 'ಮೌಲ್ಯಾಧಾರಿತ ರಾಜಕಾರಣ' ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿ ನೆಲೆಯೂರಿದ್ದು ಆಗಲೇ. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟು ಸರಕಾರವನ್ನು ಟೀಕಿಸಿದಾಗ ರಾಜೀನಾಮೆ ಕೊಟ್ಟರು, ಮೂರು ದಿನಗಳಲ್ಲಿ ಹಿಂದಕ್ಕೆ ಪಡೆದರು. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಬಂದಾಗ ಅಧಿಕಾರ ಬಿಟ್ಟರು. ತಾವು ಎತ್ತರಕ್ಕೆ ಇಟ್ಟ ಅಳತೆಗೋಲಿನಿಂದಲೇ ಜನ ತಮ್ಮನ್ನೂ ಅಳೆಯುತ್ತಾರೆ ಎಂಬುದನ್ನು ಅವರು ಅನುಭವಿಸಿದರು. ಅದು ಅವರಿಗೆ ಅವಮಾನವೆಂದು ನಾನು ತಿಳಿಯುವುದಿಲ್ಲ. ಅಳತೆಗೋಲೇ ಇಲ್ಲದವರ ಕಾಲದಲ್ಲಿ ಅಳೆಯುವ ಪ್ರಶ್ನೆಯೇ ಬರುವುದಿಲ್ಲ.

ಇನ್ನೊಂದು ವಿಷಯ ನಮ್ಮ ಭಾಗಕ್ಕೆ ಸೇರಿದ್ದು. 1991ರಲ್ಲಿ ಹೆಗಡೆಯವರು ಬಾಗಲಕೋಟೆ ಲೋಕಸಭಾ ಕ್ಷೇತ್ರದಿಂದ ನಿಂತರು. ರಾಷ್ಟ್ರಮಟ್ಟದ ನಾಯಕ. ಅವರ ಎದುರು ನಿಂತವರು ಜಮಖಂಡಿಯ ಸಿದ್ದು ನ್ಯಾಮಗೌಡರು. ಕೃಷ್ಣಾ ತೀರದ ರೈತರನ್ನು ಒಗ್ಗೂಡಿಸಿ, ರೈತರದೇ ಹಣ ಹಾಗೂ ಶ್ರಮದಾನದಿಂದ 1989ರಲ್ಲಿ ಚಿಕ್ಕಪಡಸಲಗಿಯ ಬ್ಯಾರೇಜು ಕಟ್ಟಿಸಿದವರು. ಅದರ ಹೆಸರೇ ಶ್ರಮಬಿಂದು ಸಾಗರ. ನಮ್ಮ ಜನ ನ್ಯಾಮಗೌಡರನ್ನು ಗೆಲ್ಲಿಸಿದರು. ಇದರಲ್ಲಿ ಹೆಗಡೆಯವರ ನಡತೆಯ ತೀರ್ಪು ಇತ್ತೆಂದು ನಾನು ಹೇಳುವುದಿಲ್ಲ. ದೊಡ್ಡ ಹೆಸರಿಗೆ ಮರುಳಾಗದೆ ಕಣ್ಣಿಗೆ ಕಾಣುವ ಕೆಲಸವನ್ನು ತೂಗಿ ನೋಡುವ ಶಕ್ತಿ ಈ ನೆಲದ ಮತದಾರನಿಗೆ ಇದೆ ಎಂದಷ್ಟೇ ಹೇಳುತ್ತೇನೆ.

ಹೆಗಡೆಯವರ ಕಾಲದಲ್ಲೇ ಬಂದ ಇನ್ನೊಂದು ಕೊಡುಗೆ ಕರ್ನಾಟಕ ಲೋಕಾಯುಕ್ತ. 1984ರ ಕಾಯ್ದೆ, 1986ರಿಂದ ಜಾರಿಯಲ್ಲಿದೆ. ಲೋಕಾಯುಕ್ತ ಎಂದರೆ ಲಂಚ ಹಿಡಿಯುವ ಪೊಲೀಸರು ಎಂದಷ್ಟೇ ನಾವು ತಿಳಿದಿದ್ದೇವೆ. ಆದರೆ ಅದೇ ಕಾಯ್ದೆಯಂತೆ ನಮ್ಮ ಶಾಸಕರೂ ಸಚಿವರೂ ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಮತ್ತು ತಮ್ಮ ಕುಟುಂಬದ ಆಸ್ತಿ, ಸಾಲಗಳ ಪಟ್ಟಿಯನ್ನು ಲೋಕಾಯುಕ್ತರಿಗೆ ಸಲ್ಲಿಸಬೇಕು. ಜುಲೈ ತಿಂಗಳಿನಲ್ಲಿ "ನಮ್ಮ ಶಾಸಕರು ಪಟ್ಟಿ ಕೊಟ್ಟರೇ?" ಎಂದು ಕೇಳಿದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ನಾನೂ ಕೇಳಿಲ್ಲ.

ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಲೋಕಾಯುಕ್ತರಾಗಿದ್ದಾಗ 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ರಾಜ್ಯದ ಬೊಕ್ಕಸಕ್ಕೆ ರೂ. 16,085 ಕೋಟಿ ನಷ್ಟವಾಗಿದೆ ಎಂದು ಅದರಲ್ಲಿ ಅಂದಾಜು ಮಾಡಲಾಗಿತ್ತು. ನಾಲ್ಕೇ ದಿನಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಮುಂದೆ 2016ರ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯ ಅವರನ್ನು ಗಣಿ ಕಂಪನಿಯಿಂದ ಲಂಚ ಪಡೆದ ಆರೋಪದಿಂದ ಖುಲಾಸೆ ಮಾಡಿತು. ಈ ಎರಡನ್ನೂ ಒಟ್ಟಿಗೆ ಹೇಳುವುದೇ ನ್ಯಾಯ. ರಾಜೀನಾಮೆ ಎಂದರೆ ಅಪರಾಧಿ ಎಂದಲ್ಲ. ಗಂಭೀರ ಪ್ರಶ್ನೆ ಎದ್ದಾಗ ಕುರ್ಚಿಯನ್ನು ಬಿಟ್ಟು ಕೆಳಗೆ ನಿಂತು ಉತ್ತರ ಕೊಡಬೇಕು ಎಂದಷ್ಟೇ.

2016ರಲ್ಲಿ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಕೈಗಡಿಯಾರದ ವಿಷಯ ದೊಡ್ಡ ಸುದ್ದಿಯಾಯಿತು. ಅದು ಬಹಳ ಬೆಲೆಬಾಳುವ ಗಡಿಯಾರ. ಸ್ನೇಹಿತರೊಬ್ಬರ ಉಡುಗೊರೆ ಎಂದು ಅವರು ವಿವರಣೆ ಕೊಟ್ಟರು. ಕೊನೆಗೆ ಅದನ್ನು ವಿಧಾನಸಭಾಧ್ಯಕ್ಷರಿಗೆ ಒಪ್ಪಿಸಿದರು, ಅದು ಸರಕಾರದ ಸ್ವತ್ತಾಯಿತು. ಸ್ನೇಹಿತನ ಉಡುಗೊರೆ ಅಪರಾಧವಲ್ಲದಿರಬಹುದು. ಆದರೆ ಹುದ್ದೆಯಲ್ಲಿರುವವನಿಗೆ ಉಡುಗೊರೆ ಬಂದರೆ ಜನ ಕೇಳುತ್ತಾರೆ, ಕೇಳಲೇಬೇಕು. ನೋಲನ್ ಸಮಿತಿ ಹೇಳಿದ ಹಂಗು ಎಂದರೆ ಇದೇ.

ಅಳೆಯುವವರನ್ನೂ ಅಳೆಯಬೇಕಾಗುತ್ತದೆ. ಸಂತೋಷ ಹೆಗ್ಡೆಯವರ ನಂತರ ಲೋಕಾಯುಕ್ತರಾದ ನ್ಯಾಯಮೂರ್ತಿ ಶಿವರಾಜ ಪಾಟೀಲರ ಮೇಲೆ ನಿವೇಶನ ಪಡೆದ ವಿಷಯದಲ್ಲಿ ಆಕ್ಷೇಪಣೆ ಬಂತು. ತಾವು ತಪ್ಪು ಮಾಡಿಲ್ಲ ಎಂದು ಹೇಳುತ್ತಲೇ ಅವರು 2011ರ ಸೆಪ್ಟೆಂಬರ್‌ನಲ್ಲಿ, ಎರಡು ತಿಂಗಳೂ ತುಂಬುವ ಮೊದಲೇ ಹುದ್ದೆ ಬಿಟ್ಟರು. 2015ರಲ್ಲಿ ಇನ್ನೊಬ್ಬ ಲೋಕಾಯುಕ್ತರು, ತಮ್ಮ ಮಗನ ಮೇಲೆ ಸುಲಿಗೆಯ ಆರೋಪ ಬಂದ ಪ್ರಕರಣದ ಹಿನ್ನೆಲೆಯಲ್ಲಿ ರಾಜೀನಾಮೆ ಕೊಟ್ಟರು. 2016ರಲ್ಲಿ ಸರಕಾರ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಡಿಮೆ ಮಾಡಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನು ರದ್ದು ಮಾಡಿತು. ಇದರಿಂದ ತಿಳಿಯುವುದೇನು? ಸಂಸ್ಥೆಗಳು ಏಳುತ್ತವೆ, ಬೀಳುತ್ತವೆ. ಕೇಳುವ ಜನ ಇದ್ದರೆ ಮಾತ್ರ ಅವು ಮತ್ತೆ ಎದ್ದು ನಿಲ್ಲುತ್ತವೆ.

ಕೇಳುವುದು ಅಗೌರವ ಎಂಬ ಭಾವನೆ ನಮ್ಮಲ್ಲಿ ಇದೆ. ದೊಡ್ಡವರನ್ನು ಪ್ರಶ್ನಿಸಬಾರದು ಎನ್ನುತ್ತೇವೆ. ಹಜರತ್ ಉಮರ್ ಅವರ ಪ್ರಸಂಗವನ್ನು ನಮ್ಮ ಮಕ್ಕಳೆಲ್ಲ ಮದರಸಾದಲ್ಲಿ ಕೇಳಿದ್ದಾರೆ. ಎಲ್ಲರಿಗೂ ಸಮನಾಗಿ ಬಟ್ಟೆ ಹಂಚಲಾಗಿತ್ತು. ಖಲೀಫರು ಎತ್ತರದ ಆಳು, ಒಬ್ಬರ ಪಾಲಿನ ಬಟ್ಟೆಯಲ್ಲಿ ಅವರಿಗೆ ಅಂಗಿ ಆಗುವಂತಿರಲಿಲ್ಲ. ಆದರೂ ಅವರು ಪೂರಾ ಅಂಗಿ ತೊಟ್ಟು ಬಂದಾಗ ಸಾಮಾನ್ಯನೊಬ್ಬ ಮಸೀದಿಯಲ್ಲೇ ಎದ್ದು ನಿಂತು, ಈ ಬಟ್ಟೆ ಎಲ್ಲಿಂದ ಬಂತು ಎಂದು ಕೇಳಿದ. ಖಲೀಫರು ಸಿಟ್ಟಾಗಲಿಲ್ಲ. ಮಗ ಅಬ್ದುಲ್ಲಾ ಎದ್ದು, ನನ್ನ ಪಾಲನ್ನು ತಂದೆಗೆ ಕೊಟ್ಟೆ ಎಂದು ಸಾಕ್ಷಿ ಹೇಳಿದ ಮೇಲೆಯೇ ಸಭೆ ಮುಂದುವರಿಯಿತು. ಕುರ್‌ಆನಿನ ಸೂರಾ ಅನ್ನಿಸಾ ಅಮಾನತನ್ನು ಅದರ ಹಕ್ಕುದಾರರಿಗೆ ತಲುಪಿಸಬೇಕೆಂದು ಆದೇಶಿಸುತ್ತದೆ. ಅಧಿಕಾರವೂ ಒಂದು ಅಮಾನತು. ಒಡೆಯರು ಜನ, ಹುದ್ದೆಯಲ್ಲಿರುವವರು ಕಾಯುವವರು ಮಾತ್ರ. ನಮ್ಮ ಜಿಲ್ಲೆಯ ಕೂಡಲಸಂಗಮದೊಂದಿಗೆ ಹೆಸರು ಬೆರೆತಿರುವ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ ಬೊಕ್ಕಸದ ಹಣ ದುರುಪಯೋಗವಾಗಿದೆ ಎಂಬ ದೂರು ಹೋಯಿತಂತೆ. ಅವರು ಭಂಡಾರವನ್ನೇ ತೆರೆದು ಎಣಿಸಲು ಹೇಳಿದರೆಂದು ಪುರಾಣಗಳು ಹೇಳುತ್ತವೆ. ಲೆಕ್ಕ ಕೇಳುವುದು ಹಾಗೂ ಲೆಕ್ಕ ಕೊಡುವುದು ಈ ಮಣ್ಣಿಗೆ ಹೊಸದಲ್ಲ.

ಹಾಗಾದರೆ ನಾವು ಏಕೆ ಕೇಳುವುದಿಲ್ಲ? ಇಲ್ಲಿ ನನ್ನ ಮಾತು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾನು ಮನೆಯಿಂದ ಬಹಳ ದೂರದ ಶಾಲೆಯಲ್ಲಿದ್ದೆ. ಅಮ್ಮೀಜಾನ್‌ಗೆ ಆರೋಗ್ಯ ಸರಿ ಇರಲಿಲ್ಲ. ವರ್ಗಾವಣೆಗೆ ಕೌನ್ಸೆಲಿಂಗ್ ಪದ್ಧತಿ ಇದೆ, ಆದರೆ ನನ್ನ ಸರದಿ ಬರುವಂತಿರಲಿಲ್ಲ. ಹತ್ತಿರದ ಶಾಲೆಗೆ ನಿಯೋಜನೆ ಮಾಡಿಸಿಕೊಳ್ಳಲು ಒಬ್ಬ ಮುಖಂಡರ ಮನೆಗೆ ಹೋದೆ. ಬೆಳಗಿನ ಏಳು ಗಂಟೆಯಿಂದ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತೆ. ಹನ್ನೊಂದಕ್ಕೆ ಅವರು ಹೊರಗೆ ಬಂದರು. ಶಿಫಾರಸು ಪತ್ರಕ್ಕೆ ಸಹಿ ಹಾಕಿ, ಬೆನ್ನು ತಟ್ಟಿ ಚಹಾ ಕುಡಿಸಿ ಕಳಿಸಿದರು. ನಿಯೋಜನೆ ಆಯಿತು. ರಾಜಕೀಯ ಪ್ರಭಾವ ತರಬಾರದೆಂದು ನಮ್ಮ ನಡತೆ ನಿಯಮಗಳಲ್ಲಿ ಸ್ಪಷ್ಟವಾಗಿದೆ. ನನಗೆ ಗೊತ್ತಿತ್ತು.

ಅಬ್ಬಾ ಅಂದು ರಾತ್ರಿ ಒಂದೇ ಮಾತು ಕೇಳಿದರು: "ಬೇಟಾ, ನಾಳೆ ಅವರು ತಪ್ಪು ಮಾಡಿದ್ರ ನೀ ಏನಂತೀ?" ನಾನು ನಕ್ಕುಬಿಟ್ಟೆ.

ಮರುವರ್ಷ ಅದೇ ಮುಖಂಡರು ನಮ್ಮ ಶಾಲೆಯ ಸಮಾರಂಭಕ್ಕೆ ಬಂದರು. ಹಿಂದೆ ಅವರು ಎರಡು ಕೋಣೆ ಕಟ್ಟಿಸಿಕೊಡುವ ಮಾತು ಕೊಟ್ಟಿದ್ದರು. ಅಡಿಪಾಯ ಕೂಡ ಬಿದ್ದಿರಲಿಲ್ಲ. ಮುಖ್ಯ ಗುರುಗಳು ನನಗೆ, "ಸ್ವಾಗತ ಭಾಷಣದಾಗ ಕೋಣಿ ವಿಷಯ ನೆನಪು ಮಾಡ್ರಿ, ನೀವು ಚಲೋ ಮಾತಾಡ್ತೀರಿ" ಎಂದಿದ್ದರು. ನಾನು ಎದ್ದು ನಿಂತು ಅವರನ್ನು ಹೊಗಳಿದೆ. ಕೋಣೆಯ ಮಾತು ಬಾಯಿಗೆ ಬಂತು, ಹೊರಗೆ ಬರಲಿಲ್ಲ. ಆ ಮಳೆಗಾಲದಲ್ಲಿ ಎರಡು ತರಗತಿಯ ಮಕ್ಕಳು ವರಾಂಡದಲ್ಲಿ, ಇರಚಲು ಹೊಡೆದಾಗ ಪುಸ್ತಕ ಎದೆಗೆ ಅವಚಿಕೊಂಡು ಗೋಡೆಗೆ ಒತ್ತಿ ಕುಳಿತು ಕಲಿತರು. ನನ್ನ ಒಂದು ನಿಯೋಜನೆಯ ಬೆಲೆಯನ್ನು ಆ ಮಕ್ಕಳು ಕೊಟ್ಟರು.

ಅಬ್ಬಾ ಕೇಳಿದ ಪ್ರಶ್ನೆಗೆ ಉತ್ತರ ಆಗ ಸಿಕ್ಕಿತು. ಜನಪ್ರತಿನಿಧಿ ಗುತ್ತಿಗೆದಾರನ ಹಂಗಿಗೆ ಬೀಳಬಾರದು ಎಂದು ನಾವು ಹೇಳುತ್ತೇವೆ, ಸರಿ. ಆದರೆ ಮತದಾರ ಜನಪ್ರತಿನಿಧಿಯ ಹಂಗಿಗೆ ಬಿದ್ದರೆ ಕೇಳುವವರು ಯಾರು? ಐದು ನೂರು ರೂಪಾಯಿ, ಒಂದು ಸೀರೆ, ಒಂದು ಶಿಫಾರಸು ಪತ್ರ, ಸಂಘಕ್ಕೆ ಒಂದು ದೇಣಿಗೆ, ಇವೆಲ್ಲ ಐದು ವರ್ಷ ನಮ್ಮ ಬಾಯಿಗೆ ಹಾಕುವ ಬೀಗಗಳು. ವಿಧಾನಸಭೆಗೆ ನಿಲ್ಲುವ ಅಭ್ಯರ್ಥಿಗೆ ಚುನಾವಣಾ ಆಯೋಗ 2022ರಲ್ಲಿ ನಿಗದಿ ಮಾಡಿದ ಖರ್ಚಿನ ಮಿತಿ 40 ಲಕ್ಷ ರೂಪಾಯಿ. ಮನೆಮನೆಗೆ ಹಣ ಹಂಚಿದರೆ ಈ ಮಿತಿ ಎಲ್ಲಿ ಉಳಿದೀತು ಎಂದು ನೀವೇ ಲೆಕ್ಕ ಹಾಕಿರಿ. ಹಾಕಿದ ಹಣವನ್ನು ಅವರು ಎಲ್ಲಿಂದ ತೆಗೆಯುತ್ತಾರೆ? ನಮ್ಮ ಶಾಲೆಯ ಕೋಣೆಯಿಂದ, ನೇಕಾರರಿಗೆ ಬರಬೇಕಾದ ಸವಲತ್ತಿನಿಂದ, ಹಿನ್ನೀರಿನಲ್ಲಿ ಹೊಲ ಮನೆ ಕಳೆದುಕೊಂಡ ಬೀಳಗಿಯ ರೈತನಿಗೆ ಸಿಗಬೇಕಾದ ಪರಿಹಾರದ ದಾರಿಯಲ್ಲಿ ದಲ್ಲಾಳಿಗಳನ್ನು ನಿಲ್ಲಿಸುವುದರಿಂದ.

ಹಾಗಾದರೆ ಮಾಡಬೇಕಾದ್ದೇನು? ವಿದ್ಯಾರ್ಥಿಗಳೇ, ದೊಡ್ಡ ಕ್ರಾಂತಿ ಬೇಡ. ಓದಲು ಬರುವವರು ಓದಿ ಹೇಳಿದರೆ ಸಾಕು. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ಫಲವಾಗಿ ಪ್ರತಿ ಅಭ್ಯರ್ಥಿಯೂ ತನ್ನ ಮೇಲಿರುವ ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲ, ವಿದ್ಯಾರ್ಹತೆಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಅದು ಎಲ್ಲರಿಗೂ ಸಿಗುತ್ತದೆ. ಮುಂದಿನ ಚುನಾವಣೆಯಲ್ಲಿ ಎಲ್ಲ ಅಭ್ಯರ್ಥಿಗಳ ಪತ್ರಗಳನ್ನು, ಒಬ್ಬರನ್ನೂ ಬಿಡದೆ, ಮನೆಯ ಹಿರಿಯರಿಗೆ ಕನ್ನಡದಲ್ಲಿ, ಬೇಕಾದರೆ ಉರ್ದುವಿನಲ್ಲಿ ಓದಿ ಹೇಳಿರಿ. ಯಾರಿಗೆ ಮತ ಹಾಕಬೇಕೆಂದು ಹೇಳಬೇಡಿರಿ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿಗೆ 30 ದಿನಗಳಲ್ಲಿ ಉತ್ತರ ಬರಬೇಕು. ಅರ್ಜಿ ಬರೆಯುವುದನ್ನು ನಮ್ಮ ಪತ್ರಲೇಖನದ ಪಾಠದಲ್ಲೇ ಕಲಿಸಬಹುದು. ಗ್ರಾಮಸಭೆಗೆ ಹೋಗಿರಿ. ಸಹಿ ಮಾಡಿ ಮನೆಗೆ ಬರುವುದಲ್ಲ, ಲೆಕ್ಕ ಓದುವವರೆಗೆ ಕುಳಿತುಕೊಳ್ಳಿರಿ.

ಹಿರಿಯ ಸದಸ್ಯರಲ್ಲಿ ನನ್ನ ವಿನಂತಿ ಎರಡು. ಒಂದು, ಕೇಳುವ ಬಾಯಿ ಮೊದಲು ಸ್ವಚ್ಛ ಇರಬೇಕು. ನಮ್ಮ ಸಂಘದ ಜಮಾ ಖರ್ಚು, ವಿದ್ಯಾರ್ಥಿವೇತನ ಪಡೆದವರ ಆಯ್ಕೆಯ ನಿಯಮ ಎಲ್ಲವನ್ನೂ ಪ್ರತಿ ವರ್ಷ ಸೂಚನಾ ಫಲಕದಲ್ಲಿ ಹಚ್ಚೋಣ. ವಕ್ಫ್ ಆಸ್ತಿಗಳ ದುರುಪಯೋಗದ ಬಗ್ಗೆ ರಾಜ್ಯ ಅಲ್ಪಸಂಖ್ಯಾತರ ಆಯೋಗ 2012ರಲ್ಲಿ ಸರಕಾರಕ್ಕೆ ವರದಿ ಕೊಟ್ಟಿತು. ಅದರ ಬಗ್ಗೆ ವಾದ ವಿವಾದ ಏನೇ ಇರಲಿ, ಸಮುದಾಯದ ಸ್ವತ್ತನ್ನು ಕಾಯುವವರು ಲೆಕ್ಕ ಕೊಡಬೇಕು ಎಂಬ ಮಾತನ್ನು ನಾವು ತಳ್ಳಿಹಾಕಲಾಗದು. ನಮ್ಮವರು ಎಂಬ ಕಾರಣಕ್ಕೆ ಒಬ್ಬರ ತಪ್ಪನ್ನು ಮುಚ್ಚಿದರೆ ಬೇರೆಯವರ ತಪ್ಪನ್ನು ಎತ್ತಿ ತೋರಿಸುವ ಹಕ್ಕು ಹೋಗುತ್ತದೆ. ಎರಡು, ನಮ್ಮ ಸಮಾರಂಭಕ್ಕೆ ಜನಪ್ರತಿನಿಧಿಗಳನ್ನು ಕರೆಯೋಣ, ಶಾಲು ಹೊದಿಸೋಣ. ಆದರೆ ಕಾರ್ಯಕ್ರಮದಲ್ಲಿ ಹತ್ತು ನಿಮಿಷ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಇಡೋಣ. ವಿನಯದಿಂದ ಕೇಳಿದ ಪ್ರಶ್ನೆಗೆ ಒಳ್ಳೆಯ ನಾಯಕ ಸಿಟ್ಟಾಗುವುದಿಲ್ಲ. ಅನುದಾನ ಸರಕಾರದ್ದು, ಅದು ನಮ್ಮ ಹಕ್ಕು, ಉಪಕಾರವಲ್ಲ ಎಂಬುದನ್ನು ಮಕ್ಕಳು ಅಲ್ಲಿಯೇ ಕಲಿಯಲಿ.

ಈಗ ಆ ಹುಡುಗನ ಪ್ರಶ್ನೆ. "ನಮ್ಮಪ್ಪ ಲಂಚಾ ತಗೊಂಡಂಗ ಆತೇನ್ರಿ?" ಹೌದು ಮಗಾ, ಆಯಿತು. ಕಾನೂನು ಹಾಗೆಯೇ ಹೇಳುತ್ತದೆ. ಆದರೆ ನಿಮ್ಮಪ್ಪ ಕೆಟ್ಟವನಲ್ಲ. ಮಗ್ಗ ನಿಂತ ವಾರದಲ್ಲಿ ಐದು ನೂರು ರೂಪಾಯಿ ಎಷ್ಟು ದೊಡ್ಡದು ಎಂಬುದು ನೇಯುವವರಿಗೆ ಗೊತ್ತು. ಅವನ ಬಡತನವನ್ನು ಕೊಂಡುಕೊಳ್ಳಲು ಬಂದವನ ತಪ್ಪು ದೊಡ್ಡದು. ಅದಕ್ಕಿಂತ ದೊಡ್ಡ ತಪ್ಪು ಓದಿ, ಬಿ.ಎಡ್. ಮಾಡಿ, ಸಂಬಳ ಪಡೆಯುತ್ತ ಒಂದು ಪತ್ರಕ್ಕೆ ನಾಲಿಗೆ ಒತ್ತೆ ಇಟ್ಟ ನಿಮ್ಮ ಸರ್ ಅವರದು. ನಿಮ್ಮಪ್ಪನನ್ನು ಬೈಯಬೇಡ. ಮುಂದಿನ ಸಲ ಆ ಹಣ ಬಾಗಿಲಿಗೆ ಬಂದಾಗ ಅವನ ಪಕ್ಕದಲ್ಲಿ ನಿಲ್ಲು. ಬೇಡ ಎನ್ನುವ ಶಕ್ತಿ ಒಬ್ಬನಿಗೆ ಇರುವುದಿಲ್ಲ, ಇಬ್ಬರು ನಿಂತರೆ ಬರುತ್ತದೆ. ಓಣಿಯೇ ನಿಂತರೆ ಹಣ ತಂದವನು ತಿರುಗಿ ಹೋಗುತ್ತಾನೆ.

ಆ ಎರಡು ಕೋಣೆಗಳು ಇನ್ನೂ ಆಗಿಲ್ಲ. ಕಳೆದ ತಿಂಗಳು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಆ ವಿಷಯವನ್ನು ಬರವಣಿಗೆಯಲ್ಲಿ ಎತ್ತಿದ್ದೇವೆ. ಅರ್ಜಿಯ ಕರಡು ಬರೆದವನು ನಾನೇ. ತಡವಾಯಿತು, ಆದರೆ ಆರಂಭವಾಯಿತು.